ಅಮೆರಿಕದ ಕೋವಿಯೂ ಬರ್ಕಾದ ರೌಂಡ್‌ಅಬೌಟೂ

ಒಂಟೆ ಅಡ್ಡ ಬರಬಹುದಿತ್ತು. ಒಮಾನಿನಲ್ಲಿ ರುಸ್ತಾಕಿನ ದಾರಿಯ ಒಂಟೆಗಳು ಕಾರು ಕಂಡರೆ ಓಡುವುದಿಲ್ಲ. ರಸ್ತೆಯ ನಡುವೆ ನಿಂತು, ಹೋಗುವುದೋ ಬೇಡವೋ ಎಂದು ನನ್ನ ಹಾಗೆಯೇ ಯೋಚಿಸುತ್ತವೆ. ಬೆಟ್ಟದ ಆಚೆ ಎಲ್ಲೋ ಮಳೆಯಾಗಿ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ, ವಾದಿ ಎಂದು ಕರೆಯುವ, ವರ್ಷವಿಡೀ ಒಣಗಿ ಬಿದ್ದಿರುವ ಹಳ್ಳದಲ್ಲಿ ಕೆಂಪು ನೀರು ನುಗ್ಗಿ ಬಂದು ನಮ್ಮ ಕಾರನ್ನು ತೆಂಗಿನಕಾಯಿಯ ಹಾಗೆ ತೇಲಿಸಿಕೊಂಡು ಹೋಗಬಹುದಿತ್ತು. ಟಯರ್ ಒಡೆಯಬಹುದಿತ್ತು. ಸ್ಟೆಪ್ನಿಯಲ್ಲಿ ಗಾಳಿ ಇದೆ ಎಂದು ಗುರುವಾರ ಸಂಜೆಯೇ ಪೆಟ್ರೋಲ್ ಪಂಪಿನಲ್ಲಿ ಖಚಿತ ಮಾಡಿಕೊಂಡಿದ್ದೆ. ಆದರೆ ಖಚಿತ ಮಾಡಿಕೊಂಡ ಮೇಲೆ ಹೋಗುವ ಗಾಳಿಯೂ ಇರುತ್ತದಲ್ಲ. ಎಸಿ ಕೈಕೊಡಬಹುದಿತ್ತು. ನನ್ನ ಹೆಂಡತಿಯ ಕೋಳಿಸುಕ್ಕ ತಿಂದು ಅತಿಥಿಯ ಹೊಟ್ಟೆ ಕೆಡಬಹುದಿತ್ತು. ಮಗಳು ಅತಿಥಿಯ ವಯಸ್ಸು ಕೇಳಬಹುದಿತ್ತು, ಇನ್ನೂ ಕೆಟ್ಟದೆಂದರೆ ಗಂಡ ಎಲ್ಲಿ ಎಂದು ಕೇಳಬಹುದಿತ್ತು. ಕಂಪನಿಯ ದೊಡ್ಡ ಮೇಡಂ ಜೊತೆ ಪರ್ಚೇಸ್ ವಿಭಾಗದವನಿಗೆ ಶುಕ್ರವಾರ ಏನು ತಿರುಗಾಟ ಎಂದು ಯಾರಾದರೂ ನನಗೆ ವೀಸಾ ಕೊಟ್ಟ ಕಫೀಲನ ಕಿವಿಗೆ ಊದಬಹುದಿತ್ತು. ಅಮೆರಿಕದ ಕೋವಿಗಳ ಬಗ್ಗೆ ನಾನು ಬಾಯಿ ತೆರೆದು, ಆಕೆ ಸಿಟ್ಟಾಗಿ, ಮರುದಿನ ನನ್ನ ವೀಸಾ ಖಲಾಸ್ ಆಗಬಹುದಿತ್ತು.

ಇದು ಹೋಗುವ ದಾರಿಯ ಪಟ್ಟಿ. ಬರುವ ದಾರಿಗೆ ಬೇರೆಯೇ ಪಟ್ಟಿ ಇತ್ತು, ಏಕೆಂದರೆ ಬರುವಾಗ ಕಾರು ಓಡಿಸಬೇಕಾದವಳು ನನ್ನ ಹೆಂಡತಿ. ಜಲ್ಲಿಯ ಲಾರಿ ಹಿಂದಿನಿಂದ ಗುದ್ದುವುದು, ಮುಂದಿನಿಂದ ಗುದ್ದುವುದು, ಮುಳುಗುವ ಸೂರ್ಯ ಕಣ್ಣಿಗೆ ಹೊಡೆಯುವುದು, ಕ್ಲಚ್ ಎಂದು ಬ್ರೇಕ್ ಒತ್ತುವುದು, ಬ್ರೇಕ್ ಎಂದು ಆಕ್ಸಿಲರೇಟರ್ ಒತ್ತುವುದು, ಸೀರೆಯ ಸೆರಗು ಗೇರಿಗೆ ಸಿಕ್ಕಿಕೊಳ್ಳುವುದು. ಅವಳು ಅಂದು ಸೀರೆ ಉಟ್ಟಿರಲಿಲ್ಲ, ಚೂಡಿದಾರ ಹಾಕಿದ್ದಳು. ಆದರೂ ಸೆರಗು ಸಿಕ್ಕಿಕೊಳ್ಳುವುದನ್ನು ನಾನು ಪಟ್ಟಿಯಿಂದ ತೆಗೆಯಲಿಲ್ಲ.

ಮೊದಲು ನನ್ನ ಬಗ್ಗೆ ಹೇಳಬೇಕು. ಎಂಬತ್ತರ ದಶಕದ ಮೊದಲಿಗೆ ಉಡುಪಿಯ ಕಡೆಯಿಂದ ಒಮಾನಿಗೆ ಬಂದವ ನಾನು. ನಾನು ಹೇಳುವ ಶುಕ್ರವಾರ ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದ್ದು. ಆಗ ನಾವು ಸೀಬಿನಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ನನ್ನ ಆಫೀಸು ರೂವಿಯಲ್ಲಿ. ನಮ್ಮ ಬಳಗದಲ್ಲಿ ನನಗೊಂದು ಹೆಸರಿತ್ತು: ಅಮೆರಿಕ ಗೊತ್ತಿದ್ದವ. ನಾನು ಅಮೆರಿಕಕ್ಕೆ ಹೋದವನಲ್ಲ. ಕಂಪನಿಗೆ ಬರುತ್ತಿದ್ದ ಅಲ್ಲಿನ ವಾರಪತ್ರಿಕೆ ಮೇಲಿನವರೆಲ್ಲ ಓದಿ ಬಿಸಾಡಿದ ಮೇಲೆ ನನ್ನ ಮೇಜಿಗೆ ಬರುತ್ತಿತ್ತು, ಅಷ್ಟೇ. ಹೆಂಗಸರ ತೋಳು, ಕಾಲು ಕಂಡ ಕಡೆಯಲ್ಲೆಲ್ಲ ಯಾರೋ ಕಪ್ಪು ಶಾಯಿ ಬಳಿದಿರುತ್ತಿದ್ದರು. ಕೋವಿಗಳ ಚಿತ್ರ ಮಾತ್ರ ಇದ್ದ ಹಾಗೆಯೇ ಇರುತ್ತಿತ್ತು. ಹೀಗಾಗಿ ಅಮೆರಿಕದ ಕೋವಿಗಳ ಬಗ್ಗೆ ನನಗೆ ಪೂರ್ತಿ ಜ್ಞಾನವೂ ಅಮೆರಿಕದ ಹೆಂಗಸರ ಬಗ್ಗೆ ಅರ್ಧಂಬರ್ಧ ಜ್ಞಾನವೂ ಇತ್ತು. ಎರಡರ ಬಗ್ಗೆಯೂ ನಾನು ಒಂದೇ ಧೈರ್ಯದಿಂದ ಮಾತಾಡುತ್ತಿದ್ದೆ.

ಮಾತಾಡಲು ಶುಕ್ರವಾರದ ಮಧ್ಯಾಹ್ನಗಳಿದ್ದವು. ನಮ್ಮ ಕಡೆಯ ಒಂದಷ್ಟು ಕುಟುಂಬಗಳು ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಸೇರುತ್ತಿದ್ದೆವು. ತುಳು, ಕೊಂಕಣಿ, ಕನ್ನಡ ಎಲ್ಲ ಕಲಸಿದ ಮಾತು. ಅಲ್ಲಿ ನನ್ನ ವಾದ ಹೀಗಿರುತ್ತಿತ್ತು: ಕೋವಿ ಇಟ್ಟುಕೊಳ್ಳುವುದು ಅಮೆರಿಕದಲ್ಲಿ ಹಕ್ಕು, ನಮ್ಮಲ್ಲಿ ಅನುಮತಿ. ಅನುಮತಿಯನ್ನು ಸರ್ಕಾರ ಕೊಟ್ಟ ಹಾಗೆಯೇ ವಾಪಸ್ ಕೇಳಬಹುದು, ಹಕ್ಕನ್ನು ಕೇಳಲಿಕ್ಕಾಗುವುದಿಲ್ಲ. ನಮ್ಮೂರಿನಲ್ಲಿ ಚುನಾವಣೆ ಬಂತೆಂದರೆ ಹಂದಿ ಓಡಿಸುವ ಒಂಟಿ ನಳಿಗೆಯ ಕೋವಿಯನ್ನೂ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು, ಮತ ಎಣಿಸಿ ಮುಗಿದ ಮೇಲೆ ಹೋಗಿ ತರಬೇಕು. ಅಷ್ಟು ಮಾಡಿದರೆ ಸಾಕು, ಅಮೆರಿಕ ಸರಿಯಾಗುತ್ತದೆ. ಇನ್ನು ಹೆಂಗಸರ ವಿಷಯ. ಅಲ್ಲಿನ ಹೆಂಗಸರು ಈಗ ಹೋರಾಡಿ ಕೇಳುವುದನ್ನು ನಮ್ಮ ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟಿನಲ್ಲಿ ಎಂದೋ ಕೊಟ್ಟಾಗಿದೆ. ಆಸ್ತಿ ತಾಯಿಯಿಂದ ಮಗಳಿಗೆ. ಮನೆ ಹೆಣ್ಣಿನದು. ಸ್ತ್ರೀವಾದ ನಮಗೆ ಹೊಸತಲ್ಲ, ಮಾರಾಯ್ರೆ.

"ಇವನನ್ನು ವಾಷಿಂಗ್ಟನ್ನಿಗೆ ಕಳಿಸ್ಬೇಕಿತ್ತು. ಇಲ್ಲಿ ಸಿಮೆಂಟಿನ ಕೊಟೇಶನ್ ಕೇಳಿಕೊಂಡು ಹಾಳಾದ" ಎನ್ನುತ್ತಿದ್ದ, ಮೇಲಿನ ಮಹಡಿಯ ಮಂಗಳೂರಿನ ಗೆಳೆಯ.

ನಾವು ಗಂಡಸರು ಹಾಲಿನಲ್ಲಿ ಕೂತು ಹೆಂಗಸರ ಸ್ವಾತಂತ್ರ್ಯದ ಬಗ್ಗೆ ಇಷ್ಟು ಹೇಳುವಷ್ಟರಲ್ಲಿ ಹೆಂಗಸರು ಅಡುಗೆಮನೆಯಲ್ಲಿ ನಿಂತು ಗೋಳಿಬಜೆಯ ಇನ್ನೊಂದು ಒಬ್ಬೆ ಕರಿದು ಮುಗಿಸಿರುತ್ತಿದ್ದರು. ಒಂದು ದಿನ ನನ್ನ ಹೆಂಡತಿ ತಟ್ಟೆ ಇಡುತ್ತಾ, "ಅಮೆರಿಕದ್ದು ಮುಗಿದಿದ್ರೆ ಚಟ್ನಿ ತರ್ಲಾ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚಟ್ನಿ ತಂದವಳೂ ಅವಳೇ.

ಅವಳು ಮದುವೆಗೆ ಮೊದಲು ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಒಮಾನಿಗೆ ಬಂದ ಮೇಲೆ ಮಗಳಿಗೆ ಮಾತ್ರ ಕಲಿಸುತ್ತಿದ್ದಳು. ಸೀಬಿನಲ್ಲಿ ಕಾರಿಲ್ಲದೆ ತರಕಾರಿಗೂ ಹೋಗಲಾಗುವುದಿಲ್ಲ. ಹಾಗಾಗಿ ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಡ್ರೈವಿಂಗ್ ಕಲಿಯುತ್ತೇನೆ ಎಂದಳು. ಕಲಿಯಲಿ ಎಂದೆ, ನಾನು ಸ್ತ್ರೀವಾದಿಯಲ್ಲವೇ? ಒಮಾನಿನಲ್ಲಿ ಲೈಸೆನ್ಸ್ ಎಂದರೆ ಮೊದಲು ಡ್ರಮ್ ಟೆಸ್ಟ್. ಸಾಲಾಗಿ ನಿಲ್ಲಿಸಿದ ಡಾಂಬರಿನ ಡ್ರಮ್ಮುಗಳ ನಡುವೆ ಒಂದಕ್ಕೂ ತಾಗಿಸದೆ ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ನಿಲ್ಲಿಸಬೇಕು. ನಾನು ಅಲ್ಲಿ ಎಷ್ಟು ಸಲ ಫೇಲಾಗಿದ್ದೆನೆಂದರೆ, ಪರೀಕ್ಷೆ ಮಾಡುವ ಪೊಲೀಸನಿಗೆ ನನ್ನ ಮುಖ ಕಂಡರೆ ಅಯ್ಯೋ ಅನಿಸುತ್ತಿತ್ತು. ಅವಳು ಮೊದಲ ಸಲಕ್ಕೇ ಪಾಸಾದಳು. ಆಮೇಲೆ ರಸ್ತೆಯ ಟೆಸ್ಟ್ ಕೂಡ. "ಕೋನ ನೋಡ್ಕೊಂಡ್ರೆ ಆಯ್ತು, ಅದರಲ್ಲೆಂತ ಉಂಟು?" ಎಂದಳು.

ಲೈಸೆನ್ಸ್ ಕಪಾಟಿನಲ್ಲಿ ಕೂತಿತು. ಕಾರಿನ ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲಿ ಕೂತಿತು. ಸ್ವಲ್ಪ ಪ್ರ್ಯಾಕ್ಟೀಸ್ ಆಗಲಿ, ಆಮೇಲೆ ಒಬ್ಬಳೇ ಓಡಿಸು ಎಂದು ನಾನು ಹೇಳುತ್ತಿದ್ದೆ. ಪ್ರ್ಯಾಕ್ಟೀಸಿಗೆ ಬೀಗದ ಕೈ ಕೊಡುತ್ತಿರಲಿಲ್ಲ, ಏಕೆಂದರೆ ಪ್ರ್ಯಾಕ್ಟೀಸ್ ಆಗಿರಲಿಲ್ಲ. ನನಗೆ ಕಾರು ಬೇಕಿತ್ತೆಂದಲ್ಲ. ಆಫೀಸಿನ ವ್ಯಾನು ನಮ್ಮ ಬಿಲ್ಡಿಂಗಿನ ಎದುರೇ ಬಂದು ನನ್ನನ್ನು ಹತ್ತಿಸಿಕೊಳ್ಳುತ್ತಿತ್ತು. ಕಾರು ಇಡೀ ದಿನ ಕೆಳಗೆ ನಿಂತು ಧೂಳು ತಿನ್ನುತ್ತಿತ್ತು. ನಾನು ರೂವಿಯಲ್ಲಿ ಕೂತು, ಅವಳು ಅದನ್ನು ತೆಗೆದುಕೊಂಡು ಹೋಗಿಲ್ಲ ಎಂಬ ನೆಮ್ಮದಿಯಲ್ಲಿ ಇಂಡೆಂಟುಗಳಿಗೆ ಸಹಿ ಹಾಕುತ್ತಿದ್ದೆ. ಇದಕ್ಕೆ ನಾನು ಇಟ್ಟಿದ್ದ ಹೆಸರು ಕಾಳಜಿ.

ಆ ಜನವರಿಯಲ್ಲಿ ಸಮೀಪದ ಭಾರತೀಯ ಶಾಲೆಯೊಂದರಿಂದ ಅವಳಿಗೆ ಕರೆ ಬಂತು. ಗಣಿತದ ಟೀಚರ್ ಹೊರಟುಹೋಗಿದ್ದಾರೆ, ಬರುವುದಾದರೆ ಶನಿವಾರ ಬಂದು ಹೇಳಿ. ಮಕ್ಕಳಿಗೆ ಬಸ್ಸಿದೆ, ಟೀಚರುಗಳು ಅವರವರ ವ್ಯವಸ್ಥೆ ಮಾಡಿಕೊಳ್ಳಬೇಕು. ಅವಳು ನನಗೆ ಊಟ ಬಡಿಸುತ್ತಾ ಇದನ್ನು ಹೇಳಿದಳು, ಅನ್ನದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು.

"ನಂಗೆ ಇದು ಬೇಕು. ಇಷ್ಟು ವರ್ಷ ಎಂತದನ್ನೂ ಬೇಕು ಅಂತ ಹೇಳ್ಲಿಲ್ಲ. ಇದು ಬೇಕು."

ನಾವು ಮನೆಯಲ್ಲಿ ಆಡುವುದು ತುಳು. ತುಳುವಿನಲ್ಲಿ ಆ ಮಾತು ಇನ್ನೂ ಚಿಕ್ಕದಾಗಿತ್ತು, ಇನ್ನೂ ಗಟ್ಟಿಯಾಗಿತ್ತು.

ನಾನು ಕೂಡಲೇ ಆಗಲಿ ಎನ್ನಬಹುದಿತ್ತು. ಬದಲಿಗೆ, "ನೋಡುವ. ಶುಕ್ರವಾರ ಮೇಡಮನ್ನು ರುಸ್ತಾಕಿಗೆ ಕರ್ಕೊಂಡು ಹೋಗ್ಲಿಕ್ಕುಂಟಲ್ಲ. ವಾಪಸ್ ಬರುವಾಗ ನೀನು ಓಡಿಸು. ಹೇಗೆ ಓಡಿಸ್ತಿ ಅಂತ ನೋಡಿ ಹೇಳ್ತೇನೆ" ಎಂದೆ.

"ಪೊಲೀಸರು ನೋಡಿ ಆಯ್ತಲ್ಲ. ನೀವೆಂತ ಅವರಿಗಿಂತ ಮೇಲಿನ ಆಫೀಸರಾ?"

"ಹಾಗಲ್ಲ ಮಾರಾಯ್ತಿ..."

"ಆಯ್ತು. ನೋಡಿ."

ಮೇಡಂ ಎಂದರೆ ನಮ್ಮ ಕಂಪನಿಗೆ ಕೆಲವು ತಿಂಗಳ ಮಟ್ಟಿಗೆ ಬಂದಿದ್ದ ಅಮೆರಿಕದ ಎಂಜಿನಿಯರ್. ಐವತ್ತರ ಆಸುಪಾಸಿನ, ಬಿಳಿ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ, ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಂಡೇ ಉತ್ತರಿಸುವ ಹೆಂಗಸು. ತಾವೇ ಕಾರು ಓಡಿಸಿಕೊಂಡು ತಿರುಗುತ್ತಿದ್ದವರು, ಟೆನಿಸ್ ಆಡುವಾಗ ಮಣಿಕಟ್ಟು ಉಳುಕಿಸಿಕೊಂಡು ಪಟ್ಟಿ ಕಟ್ಟಿಸಿಕೊಂಡಿದ್ದರು. ರುಸ್ತಾಕಿನ ಕೋಟೆ ನೋಡಬೇಕಿತ್ತು ಎಂದು ಲಿಫ್ಟಿನಲ್ಲಿ ಹೇಳಿದರು. ಲಿಫ್ಟು ಮೂರನೆಯ ಮಹಡಿ ತಲುಪುವಷ್ಟರಲ್ಲಿ ನಾನು ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ನಾಲ್ಕನೆಯ ಮಹಡಿಯಿಂದ ಚಿಂತೆ ಶುರುವಾಯಿತು.

ಶುಕ್ರವಾರ ಬೆಳಿಗ್ಗೆ ನಾನು ಓಡಿಸಿದೆ. ಮೇಡಂ ನನ್ನ ಪಕ್ಕ, ಹೆಂಡತಿ ಮತ್ತು ಮಗಳು ಹಿಂದೆ. ಬರ್ಕಾ ದಾಟುವುದರೊಳಗೆ ನಾನು ಹಕ್ಕು, ಅನುಮತಿ ಎರಡನ್ನೂ ಮುಗಿಸಿ ಚುನಾವಣೆಗೆ ಬಂದಿದ್ದೆ.

"ಚುನಾವಣೆಗೆ ಮೊದಲು ಎಲ್ಲರೂ ಬಂದೂಕು ಒಪ್ಪಿಸಬೇಕು?" ಮೇಡಂ ಪೂರ್ತಿ ತಿರುಗಿ ಕೂತರು. "ನಮ್ಮ ರಾಜ್ಯದಲ್ಲಾದರೆ ಬಂದೂಕು ಇಟ್ಟುಕೊಂಡು ಚುನಾವಣೆಯನ್ನು ಒಪ್ಪಿಸಿಬಿಡುತ್ತಾರೆ."

ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ ಜೋರಾಗಿ ನಕ್ಕಳು. ಅವಳು ಇಂಗ್ಲಿಷಿನಲ್ಲಿ ನಗಬಲ್ಲಳು ಎಂಬುದೇ ನನಗೆ ಮರೆತುಹೋಗಿತ್ತು.

ಮೇಡಂ ತಮ್ಮ ತಾಯಿಯ ಬಗ್ಗೆ ಹೇಳಿದರು. ತಂದೆ ಇರುವಷ್ಟು ಕಾಲ ತಾಯಿಗೆ ಬ್ಯಾಂಕಿನ ಒಂದು ಕಾಗದಕ್ಕೂ ಅವರ ಸಹಿ ಬೇಕಿತ್ತಂತೆ. ತಂದೆ ತೀರಿಕೊಂಡ ಮೇಲೆ ತಾಯಿ ಮೊದಲು ಮಾಡಿದ ಕೆಲಸ ತನ್ನ ಹೆಸರಿನಲ್ಲಿ ಖಾತೆ ತೆರೆದದ್ದು, ಎರಡನೆಯ ಕೆಲಸ ಒಂದು ಪಿಸ್ತೂಲು ಕೊಂಡದ್ದು. ಅದು ಮಂಚದ ಪಕ್ಕದ ಡ್ರಾಯರಿನಲ್ಲಿದೆ. ಅಂಗಡಿಯವರು ಅದನ್ನು ಒಂಟಿ ಹೆಂಗಸಿನ ಸ್ವಾತಂತ್ರ್ಯ ಎಂದು ಹೇಳಿ ಮಾರಿದ್ದಾರೆ. "ನಾನು ಹೆಂಗಸರ ಹಕ್ಕಿಗಾಗಿ ಬೀದಿಯಲ್ಲಿ ನಡೆದವಳು. ಅಮ್ಮ ನನ್ನದೇ ಮಾತನ್ನು ಎತ್ತಿ ನನಗೇ ಹೇಳುತ್ತಾಳೆ. ನನ್ನ ಮನೆ, ನನ್ನ ದೇಹ, ನನ್ನ ಪಿಸ್ತೂಲು. ಫೋನು ಮಾಡಿದಾಗಲೆಲ್ಲ ಜಗಳ" ಎಂದರು.

ಇದು ನನ್ನ ವಾರಪತ್ರಿಕೆಯಲ್ಲಿ ಬಂದಿರಲಿಲ್ಲ. ಕೋವಿ ಒಂದು ಬದಿಗೆ, ಹೆಂಗಸು ಒಂದು ಬದಿಗೆ ಎಂದು ನಾನು ಎರಡು ಶುಕ್ರವಾರಗಳಿಗೆ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದ ವಿಷಯಗಳು ಒಂದೇ ಮುದುಕಿಯ ಡ್ರಾಯರಿನಲ್ಲಿ ಒಟ್ಟಿಗೆ ಇದ್ದವು. ಆದರೂ ನನ್ನ ಹತ್ತಿರ ಅಭಿಪ್ರಾಯ ಇತ್ತು. ಕೋವಿ ಇಟ್ಟುಕೊಳ್ಳುವವರಿಗೆ ಧೈರ್ಯ ಬರುವುದಿಲ್ಲ, ಅವರ ಹೆದರಿಕೆಗೆ ಒಂದು ಹಿಡಿ ಸಿಗುತ್ತದೆ ಅಷ್ಟೇ ಎಂದೆ. ಮೇಡಂ ತಲೆಯಾಡಿಸಿದರು. ನನಗೆ ಬಹಳ ಸಂತೋಷವಾಯಿತು. ಆ ಅಭಿಪ್ರಾಯ ನನಗೆ ಈಗಲೂ ಇದೆ, ಆಗ ಸಿಕ್ಕಿದಷ್ಟು ಸಂತೋಷ ಮಾತ್ರ ಅದರಿಂದ ಸಿಗುವುದಿಲ್ಲ.

ಕೋಟೆ ನೋಡಿದೆವು. ಆಮೇಲೆ ಪಕ್ಕದ ಹಳೆಯ ಪೇಟೆ. ಸೊಂಟಕ್ಕೆ ಬೆಳ್ಳಿಯ ಖಂಜರ್ ಬಾಕು ಸಿಕ್ಕಿಸಿದ ಮುದುಕನೊಬ್ಬ ಚಾಪೆಯ ಮೇಲೆ ಹಳೆಯ ಕೋವಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ. ಮದುವೆಯ ದಿಬ್ಬಣದಲ್ಲಿ ಹಿಡಿದು ಕುಣಿಯಲು, ಆಕಾಶಕ್ಕೆ ಹಾರಿಸಲು ಕೊಳ್ಳುತ್ತಾರೆ. ನಮ್ಮಲ್ಲಿ ಗಂಡಸು ನಾನೊಬ್ಬನೇ ಆದ್ದರಿಂದ ಅವನು ಒಂದನ್ನೆತ್ತಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಬಾಣಂತಿ ಕೊಟ್ಟ ಕೂಸಿನ ಹಾಗೆ ಎರಡೂ ತೋಳಿನಲ್ಲಿ ತೆಗೆದುಕೊಂಡೆ. ಅದರ ಬಾಯಿ ಯಾರ ಕಡೆಗಿದೆ ಎಂದು ನೋಡಲಿಲ್ಲ. ಮಗಳ ಕಡೆಗಿತ್ತು.

ಮೇಡಂ ಒಂದೇ ಕೈಯಿಂದ ಅದನ್ನು ನೆಲದ ಕಡೆಗೆ ಬಗ್ಗಿಸಿದರು. "ಮೊದಲು ಖಾಲಿ ಇದೆಯೋ ನೋಡಬೇಕು" ಎಂದರು. ಮುದುಕ ನಗುತ್ತಾ ಅಡಿಯ ಹಿಡಿ ಎಳೆದು, ಕೋವಿಯ ಖಾಲಿ ಹೊಟ್ಟೆ ತೋರಿಸಿದ. ಆಮೇಲೆ ಅವನು ನನಗೆ ಇನ್ನೊಂದು ಕೋವಿ ತೋರಿಸಲಿಲ್ಲ.

ಊಟಕ್ಕೆ ಬಿಸಿನೀರಿನ ಬುಗ್ಗೆಯ ಹತ್ತಿರ ಖರ್ಜೂರದ ಮರಗಳ ಕೆಳಗೆ ಚಾಪೆ ಹಾಸಿದೆವು. ನೀರುದೋಸೆ, ಕೋಳಿಸುಕ್ಕ. ಮೇಡಂ ಕಣ್ಣೀರು ಒರೆಸಿಕೊಳ್ಳುತ್ತಾ ಎರಡನೆಯ ಸಲ ಹಾಕಿಸಿಕೊಂಡರು. ಹೊಟ್ಟೆಗೆ ಏನೂ ಆಗಲಿಲ್ಲ, ಮುಂದೆಯೂ ಆಗಲಿಲ್ಲ. ಶನಿವಾರ ಆಫೀಸಿನಲ್ಲಿ ವಿಚಾರಿಸಿಕೊಂಡೆ. ಊಟದ ನಡುವೆ ಅವರು ನನ್ನ ಹೆಂಡತಿಯ ಕಡೆ ತಿರುಗಿ, "ನಿಮ್ಮ ಊರಿನಲ್ಲಿ ಹೆಂಗಸರ ಸ್ಥಿತಿ ಹೇಗಿದೆ? ನಿಮಗೇನನಿಸುತ್ತದೆ?" ಎಂದು ಕೇಳಿದರು.

"ನಮ್ಮಲ್ಲಿ ಒಂದು ವಿಶೇಷ ಪದ್ಧತಿಯಿದೆ" ಎಂದೆ ನಾನು.

"ಪಪ್ಪಾ, ಆಂಟಿ ಆಸ್ಕ್ಡ್ ಮಮ್ಮಿ" ಎಂದಳು ಮಗಳು.

ನಾನು ನಿಲ್ಲಿಸಲಿಲ್ಲ. ಅಳಿಯಸಂತಾನ, ಆಸ್ತಿ, ತಾಯಿಯಿಂದ ಮಗಳಿಗೆ. ಅದು ಸಾಲದೆ, ನನ್ನ ಹೆಂಡತಿಯ ದೊಡ್ಡಮ್ಮನ ಕತೆಯನ್ನೂ ತೆಗೆದೆ. ಆ ಮನೆಯಲ್ಲಿ ಕೋವಿಯ ಲೈಸೆನ್ಸ್ ಇದ್ದದ್ದೇ ದೊಡ್ಡಮ್ಮನ ಹೆಸರಿನಲ್ಲಿ! ಚುನಾವಣೆ ಬಂದಾಗ ಕೋವಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಸ್ಟೇಷನ್ನಿಗೆ ಹೋಗುತ್ತಿದ್ದ ಹೆಂಗಸು. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಯಾವಾಗಲೂ ಖಾಲಿ. "ಅಮೆರಿಕದವರು ಇದನ್ನು ಸಿನಿಮಾ ಮಾಡಬೇಕು" ಎಂದೆ.

ಮೇಡಂ ಬೆರಗಾದರು. "ಅವರು ಚೆನ್ನಾಗಿ ಗುರಿ ಇಡುತ್ತಿದ್ದರೇ?" ಎಂದು ಕೇಳಿದ್ದು ಮತ್ತೆ ನನ್ನ ಹೆಂಡತಿಯನ್ನೇ.

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಅವಳಿಗೆ ಅವಕಾಶ ಸಿಕ್ಕಿತು. ಅವಳು ಬಟ್ಟಲಿಗೆ ಸುಕ್ಕ ಬಡಿಸುತ್ತಾ, ಗಣಿತದ ಟೀಚರಿನ ಇಂಗ್ಲಿಷಿನಲ್ಲಿ, ಒಂದೊಂದೇ ಹೆಜ್ಜೆಯಾಗಿ ಹೇಳಿದಳು.

"ದೊಡ್ಡಮ್ಮ ಒಂದು ಗುಂಡನ್ನೂ ಹಾರಿಸಲಿಲ್ಲ. ಕೋವಿ ಅವರದ್ದು. ತೋಟೆಗಳು ಪೆಟ್ಟಿಗೆಯಲ್ಲಿರುತ್ತಿದ್ದವು. ಪೆಟ್ಟಿಗೆಯ ಬೀಗದ ಕೈ ನನ್ನ ಸೋದರಮಾವನ ಸೊಂಟದಲ್ಲಿ. ಹಂದಿ ಬಂದರೆ ಮಾವನನ್ನು ಎಬ್ಬಿಸಬೇಕು. ಮಾವ ಊರಿನಲ್ಲಿ ಇಲ್ಲದಿದ್ದರೆ ದೊಡ್ಡಮ್ಮ ಡಬ್ಬ ಬಡಿಯುತ್ತಿದ್ದರು. ಆಸ್ತಿಯೂ ಹಾಗೇ. ಮನೆ, ಗದ್ದೆ ಎಲ್ಲ ಹೆಂಗಸರ ಲೆಕ್ಕಕ್ಕೆ. ಭತ್ತ ಎಷ್ಟಾಯ್ತು, ಯಾರಿಗೆ ಕೊಟ್ಟದ್ದು ಅಂತ ಕೇಳಿದ್ರೆ, ನಿಮಗ್ಯಾಕೆ ಆ ತಲೆಬಿಸಿ ಅಂತ ಮಾವ ಹೇಳ್ತಿದ್ರು. ಒಳ್ಳೆಯವರೇ. ಜೋರು ಮಾಡಿದವರಲ್ಲ. ಅವರಿಗೆ ದೊಡ್ಡಮ್ಮನ ಮೇಲೆ ತುಂಬಾ ಪ್ರೀತಿ."

ನನ್ನ ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ದೋಸೆಯ ಡಬ್ಬದ ಮುಚ್ಚಳ ಹಾಕಿದಳು. ಈ ಕತೆಯನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ ಎಂದು ಮೊದಲು ಅನಿಸಿತು. ಆಮೇಲೆ, ದೊಡ್ಡಮ್ಮ ಬಸ್ಸಿನಲ್ಲಿ ಹೋಗುತ್ತಿದ್ದದ್ದನ್ನು ಅವಳು ಹೇಳಿದ ದಿನವೇ, ನಾನು ಅರ್ಧದಲ್ಲಿ ಎದ್ದು ಅದನ್ನು ಹಾಲಿನಲ್ಲಿದ್ದವರಿಗೆ ಹೇಳಲು ಓಡಿದ್ದು ನೆನಪಾಯಿತು. ಕಿವಿ ಬಿಸಿಯಾಯಿತು. ಬಿಸಿನೀರಿನ ಬುಗ್ಗೆಯ ಹಬೆ ಎಂದುಕೊಂಡೆ.

ಹೊರಡುವ ಹೊತ್ತಿಗೆ ಅವಳು ಕೈ ಚಾಚಿದಳು. ನಾನು ಒಂದು ಜೇಬು ತಡಕಿದೆ, ಇನ್ನೊಂದು ತಡಕಿದೆ. ಬೀಗದ ಕೈ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೊನೆಗೆ ಕೊಟ್ಟೆ. "ಸೂರ್ಯ ಕಣ್ಣಿಗೆ..." ಎಂದೆ. "ಸೂರ್ಯ ಹಿಂದೆ ಉಂಟು" ಎಂದಳು. ನಾವು ಪೂರ್ವಕ್ಕೆ ಹೊರಟಿದ್ದೆವು.

ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು. ಮೇಡಂ ಹಿಂದೆ ಮಗಳ ಪಕ್ಕ ಕೂತರು. ಒಮಾನಿನಲ್ಲಿ ಸ್ಟೇರಿಂಗ್ ಎಡಗಡೆ, ಹಾಗಾಗಿ ನಾನು ಮುಂದೆ ಬಲಗಡೆ, ಪರೀಕ್ಷಕನ ಜಾಗದಲ್ಲಿ. ಹೊರಟ ಸ್ವಲ್ಪ ಹೊತ್ತಿಗೇ ಒಂಟೆ ಬಂತು, ನಿಜಕ್ಕೂ ಬಂತು, ಎರಡು. ಅವಳು ದೂರದಿಂದಲೇ ವೇಗ ಇಳಿಸಿ, ದಾರಿ ಬದಿಗೆ ನಿಲ್ಲಿಸಿ, ಅವುಗಳ ಯೋಚನೆ ಮುಗಿಯುವ ತನಕ ಕಾದಳು. ಹಾರ್ನ್ ಮಾಡು ಎಂದೆ. "ಮಾಡಿದ್ರೆ ಹೆದರ್ತಾವೆ" ಎಂದಳು. ಜಲ್ಲಿಯ ಲಾರಿ ಹಿಂದೆ ಬಂತು. ಅದಕ್ಕೆ ದಾರಿ ಕೊಟ್ಟಳು. ವಾದಿಯಲ್ಲಿ ಒಂದು ಚೊಂಬು ನೀರೂ ಇರಲಿಲ್ಲ. ಟಯರುಗಳು ನನ್ನ ಮೇಲಿನ ಯಾವ ದ್ವೇಷವನ್ನೂ ತೀರಿಸಿಕೊಳ್ಳಲಿಲ್ಲ. ಎಸಿ ತಣ್ಣಗೆ ಊದುತ್ತಿತ್ತು, ಆದರೂ ನನ್ನ ಅಂಗಿ ಬೆನ್ನಿಗಂಟಿತ್ತು. ನನ್ನ ಬಲಗಾಲು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

"ನಿಧಾನ," ಎಂದೆ. ಮತ್ತೆ "ಗೇರ್" ಎಂದೆ. ಮತ್ತೆ "ನೋಡು, ನೋಡು" ಎಂದೆ, ಏನನ್ನು ಎಂದು ನನಗೇ ತಿಳಿಯದೆ.

"ಪಪ್ಪಾ, ಬ್ರೀದ್," ಎಂದಳು ಮಗಳು.

ಮೇಡಂ ಹಿಂದಿನಿಂದ, "ನಿಮ್ಮ ಹೆಂಡತಿ ಚೆನ್ನಾಗಿ ಓಡಿಸುತ್ತಾರೆ" ಎಂದರು. ಅದು ನನಗೆ ಹೇಳಿದ ಮಾತು. ನಾನು ಹೌದೆನ್ನಬೇಕಿತ್ತು. "ಇಲ್ಲಿ ಟ್ರಾಫಿಕ್ ಇಲ್ಲ, ಬರ್ಕಾ ಬರಲಿ" ಎಂದೆ. ಹೆಂಡತಿಯ ಕತ್ತಿನ ಪಕ್ಕದಲ್ಲಿ ಒಂದು ನರ ಎದ್ದು ಕೂತದ್ದು ಕಾಣಿಸಿತು. ಶಾಲೆಗೆ ಉತ್ತರ ಮರುದಿನ ಬೆಳಿಗ್ಗೆ ಹೇಳಬೇಕಿತ್ತು. ಅದು ನನ್ನ ಬಾಯಿಯಲ್ಲಿತ್ತು. ಅವಳು ಆ ಇಡೀ ದಾರಿಯನ್ನು ಡ್ರಮ್ ಟೆಸ್ಟಿನ ಹಾಗೆ, ಒಂದಕ್ಕೂ ತಾಗಿಸದೆ, ಓಡಿಸುತ್ತಿದ್ದಳು.

ಬರ್ಕಾದ ರೌಂಡ್‌ಅಬೌಟ್ ಬಂತು. ಇನ್ನೂ ಬೆಳಕಿತ್ತು. ಶುಕ್ರವಾರದ ಸಂಜೆ ಊರಿನಿಂದ ಮಸ್ಕತ್ತಿಗೆ ವಾಪಸಾಗುವ ಗಾಡಿಗಳೆಲ್ಲ ಅಲ್ಲಿಗೇ ಬಂದು ಸುತ್ತುತ್ತವೆ. ಎಡಗಡೆಯಿಂದ ಒಂದು ನೀರಿನ ಟ್ಯಾಂಕರ್ ಬರುತ್ತಿತ್ತು. ಅವಳು ಅದನ್ನು ನೋಡಿದ್ದಳು. ಗೇರ್ ಇಳಿಸಿದಳು, ಕಾದಳು, ಅದರ ಮುಂದೆ ಬೇಕಾದಷ್ಟು ಜಾಗ ಇರುವುದನ್ನು ಅಳೆದಳು. ಕೋನ ನೋಡಿಕೊಂಡಳು ಎನ್ನಬೇಕು. ಒಳಗೆ ನುಗ್ಗಿದಳು. ಟ್ಯಾಂಕರಿನವನೂ ಇದನ್ನು ಕಂಡು ವೇಗ ಇಳಿಸಿದ್ದ. ಎಲ್ಲರಿಗೂ ಎಲ್ಲವೂ ಗೊತ್ತಿತ್ತು.

ನಾನು ಹ್ಯಾಂಡ್‌ಬ್ರೇಕ್ ಎಳೆದೆ.

ಯಾಕೆ ಎಂದು ನನ್ನನ್ನು ಕೇಳಬಾರದು. ಎಡಗೈ ತಾನಾಗಿ ಹೋಯಿತು ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ. ಕೈ ತಾನಾಗಿ ಹೋಗುವುದಿಲ್ಲ. ಟಯರು ಕಿರುಚಿತು, ಕಾರು ಮುಗ್ಗರಿಸಿತು, ಎಂಜಿನ್ ನಿಂತಿತು. ರೌಂಡ್‌ಅಬೌಟಿನ ನಟ್ಟನಡುವೆ ನಾವು ಅಡ್ಡ ನಿಂತಿದ್ದೆವು, ಬೆಳಗಿನಿಂದ ನಾನು ಹೆದರಿದ್ದ ಒಂಟೆಯ ಹಾಗೆ. ಎಲ್ಲ ಕಡೆಯಿಂದ ಹಾರ್ನು. ಟ್ಯಾಂಕರ್ ನಮ್ಮಿಂದ ಸಾಕಷ್ಟು ದೂರದಲ್ಲಿ ಸಮಾಧಾನವಾಗಿ ನಿಂತಿತು. ಅದರ ಪಠಾಣ ಡ್ರೈವರ್ ಇಳಿದು ಬಂದು, ಕಿಟಕಿಯಲ್ಲಿ ಬಗ್ಗಿ, ಸ್ಟೇರಿಂಗ್ ಹಿಡಿದವಳನ್ನು ನೋಡಿದ, ಆಮೇಲೆ ನನ್ನ ಕೈ ಎಲ್ಲಿದೆ ಎಂದು ನೋಡಿದ.

"ಕ್ಯಾ ಹುವಾ, ಬಹನ್?"

"ಕುಛ್ ನಹೀಂ, ಭಾಯಿ. ಇನಕೋ ಡರ್ ಲಗಾ," ಎಂದಳು ಅವಳು. ಇವರಿಗೆ ಹೆದರಿಕೆಯಾಯಿತು. ದೂರಲಿಲ್ಲ, ಹಂಗಿಸಲಿಲ್ಲ, ಮಗುವಿಗೆ ಜ್ವರ ಬಂದಿದೆ ಎನ್ನುವ ಹಾಗೆ ಹೇಳಿದಳು. ಪಠಾಣ ಅರ್ಥವಾದವನಂತೆ ತಲೆಯಾಡಿಸಿ, ಹಿಂದಿನ ಗಾಡಿಗಳಿಗೆ ಕೈ ತೋರಿಸಿ ನಿಲ್ಲಿಸಿದ.

ಮೇಡಂ ಕಿಟಕಿಯಾಚೆ ಇಲ್ಲದ ಯಾವುದನ್ನೋ ಬಹಳ ಗಮನವಿಟ್ಟು ನೋಡುತ್ತಿದ್ದರು. ಇಡೀ ದಿನ ನನ್ನ ಪ್ರತಿ ಮಾತನ್ನೂ ಪೂರ್ತಿ ಕೇಳಿಸಿಕೊಂಡವರು, ಈಗ ನನ್ನನ್ನು ನೋಡದೆ ಇರುವಷ್ಟು ಸಭ್ಯತೆ ತೋರಿಸಿದರು. ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

"ಕೈ ತೆಗೀರಿ" ಎಂದಳು ಹೆಂಡತಿ, ತುಳುವಿನಲ್ಲಿ, ರಸ್ತೆಯಿಂದ ಕಣ್ಣು ತೆಗೆಯದೆ. "ನಾಳೆ ಶಾಲೆಗೆ ಹೋಗಿ, ಬರ್ತೇನೆ ಅಂತ ಹೇಳ್ತೇನೆ. ನಿಮ್ಮನ್ನು ಕೇಳ್ಲಿಕ್ಕಿಲ್ಲ ಇನ್ನು."

"ಹೂಂ," ಎಂದೆ.

"ಕೈ ತೆಗೀರಿ."

ತೆಗೆಯಲು ಆಗಲಿಲ್ಲ. ತುದಿಯ ಗುಂಡಿ ಒತ್ತಿದರೆ ಬ್ರೇಕ್ ಕೆಳಗಿಳಿಯುತ್ತದೆ ಎಂಬುದು ಗೊತ್ತಿತ್ತು, ಬೆರಳಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಅಷ್ಟು ಬಿಗಿಯಾಗಿ ಹಿಡಿದಿದ್ದೆ. ಕೊನೆಗೆ ಅವಳು ಎಂಜಿನ್ ಶುರು ಮಾಡಿ, ತನ್ನ ಬಲಗೈಯನ್ನು ನನ್ನ ಕೈಯ ಮೇಲಿಟ್ಟು, ನನ್ನ ಹೆಬ್ಬೆರಳಿನ ಮೇಲೆ ತನ್ನ ಹೆಬ್ಬೆರಳಿಟ್ಟು ಗುಂಡಿ ಒತ್ತಿ, ಎರಡೂ ಕೈಗಳನ್ನು ಒಟ್ಟಿಗೇ ಕೆಳಗಿಳಿಸಿದಳು. ಆಮೇಲೆ ಗೇರ್ ಹಾಕಿ, ಪಠಾಣನಿಗೆ ಕೈಯೆತ್ತಿ, ಸೀಬಿನ ಕಡೆಗೆ ತಿರುಗಿಸಿದಳು.